ಕಂದು ಕಾಗದದ ಪಾದ

ಸ್ವೀಟ್‌ಗಮ್, ಜಾರ್ಜಿಯ
ಸೋಮವಾರ, ೧೨ ಜೂನ್ ೧೯೫೦

ನನ್ನ ಮುದ್ದು ವರ್ಡೆಲ್‌ಗೆ ಅಮ್ಮನ ಅಪ್ಪುಗೆಗಳು.

ಮೊದಲು ನಿನ್ನ ಪಾದ ಹೇಗಿದೆ ಅದನ್ನು ಹೇಳು. ಬೇರೆಯವರ ಅಮ್ಮಂದಿರು ಹೀಗೆ ಪತ್ರ ಶುರು ಮಾಡುವುದಿಲ್ಲ, ಗೊತ್ತು. ಆದರೆ ಬೆಳಗಿನ ಜಾವ ಕಂಡ ಕನಸು ಇನ್ನೂ ಕಣ್ಣು ಬಿಟ್ಟು ಹೋಗಿಲ್ಲ. ನೀನು ಓಟದ ಗೆರೆಯ ಮೇಲೆ ಬಗ್ಗಿದ್ದೆ. ಅಕ್ಕಪಕ್ಕದಲ್ಲಿ ಬಿಳಿ ಹುಡುಗಿಯರು. ನೋಡಿದರೆ ನಿನ್ನ ಎರಡು ಪಾದವೂ ದಿನಸಿ ಅಂಗಡಿಯ ಕಂದು ಕಾಗದದ್ದು, ಕತ್ತರಿಯಿಂದ ಕತ್ತರಿಸಿದ್ದು. ಅಷ್ಟರಲ್ಲಿ ಮಳೆ ಹನಿಯಿತು. ಹೆಬ್ಬೆರಳು ನೆನೆದು ಮೆತ್ತಗಾಗಿ ಮಡಚಿಕೊಂಡಿತು. ಓಡಬೇಡ, ಪಾದ ಎತ್ತಿಟ್ಟುಕೋ ಎಂದು ನಾನು ಬೇಲಿಯಾಚೆಯಿಂದ ಕೂಗುತ್ತಿದ್ದೇನೆ. ನೀನು ತಿರುಗಿ ನೋಡಿ ನಕ್ಕೆ. ಪಿಸ್ತೂಲು ಹಾರಿತು. ನನಗೆ ಎಚ್ಚರವಾಯಿತು.

ಎದ್ದವಳೇ ಮುಖ ಕೂಡ ತೊಳೆಯದೆ ಪೆಟ್ಟಿಗೆ ತೆರೆದು ನೋಡಿದೆ. ಬೂಟು ಅಲ್ಲೇ ಇತ್ತು.

ಹೌದು ಕಂದ, ಬೂಟು ಸಿಕ್ಕಿತು. ಹೊಸದು, ಕರಿ ಚರ್ಮದ್ದು, ಅಡಿಯಲ್ಲಿ ಉಕ್ಕಿನ ಮೊಳೆಗಳು, ಬೆರಳಿಟ್ಟರೆ ಚುಚ್ಚುತ್ತವೆ. ಈ ಪತ್ರದ ಜೊತೆಯಲ್ಲೇ ಬರುತ್ತಿದೆ. ಅದು ಸಿಕ್ಕಿದ ಬಗೆಯನ್ನು ಹೇಳದೆ ದಾರ ಕಟ್ಟಿದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಯಾರಿಗೂ ಬಾಯಿ ಬಿಡಬೇಡ ಎಂದು ನಿನ್ನ ಒಜೆಲ್ಲತ್ತೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಬಾಯಿ ಬಿಡುತ್ತಿಲ್ಲವಲ್ಲ, ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕು. ಪೂರ್ತಿ ಸುಟ್ಟಿತೋ ಇಲ್ಲವೋ ಕಡ್ಡಿಯಿಂದ ಕೆದಕಿ ನೋಡು.

ಹೋದ ವಾರ ನಿನ್ನ ಪತ್ರ ಬಂದಾಗ ನಾನು ಹಿತ್ತಿಲಲ್ಲಿ ಬಟ್ಟೆ ಕುದಿಸುತ್ತಿದ್ದೆ. ಬಲಗಾಲಿನ ಬೂಟಿನ ಅಟ್ಟೆ ಸೀಳಿದೆ, ಹೊಲಿಸಿದರೂ ನಿಲ್ಲುತ್ತಿಲ್ಲ, ಓಟ ಕಲಿಸುವ ಮಿಸ್ ಟಾರ್ಪ್ಲಿ ಬೂಟಿನ ಕಂಪನಿಗೆ ಬರೆದದ್ದಕ್ಕೆ ಉತ್ತರವೇ ಇಲ್ಲ, ಗತಿಯಿಲ್ಲದಿದ್ದರೆ ಓಹಾಯೋದಲ್ಲಿ ಬರಿಗಾಲಲ್ಲೇ ಓಡುತ್ತೇನೆ, ನೀನು ಚಿಂತೆ ಮಾಡಬೇಡ ಎಂದು ಬರೆದಿದ್ದೆ. ಚಿಂತೆ ಮಾಡಬೇಡವಂತೆ. ಓದುತ್ತಾ ನಿಂತವಳು ಬಟ್ಟೆ ಮರೆತೆ, ಯಾರದೋ ಮನೆಯ ದಿಂಬಿನ ಚೀಲಗಳು ಅಂಬಲಿಯ ಹಾಗೆ ಬೆಂದುಹೋದವು.

ಹೋದ ವರ್ಷದ್ದು ನೆನಪಾಯಿತು, ಅದಕ್ಕೇ. ಆಗ ನೀನು ಹಾಸ್ಟೆಲಿನ ಮಂಚದ ಮೇಲೆ ಕೂತು ಕಂದು ಕಾಗದದ ಮೇಲೆ ಪಾದವಿಟ್ಟು ಸುತ್ತ ಪೆನ್ಸಿಲು ಎಳೆದು ಕಳಿಸಿದ್ದೆ. ನಾವೆಲ್ಲರೂ ಮಾಡುವ ಹಾಗೆ ಆ ಕಾಗದವನ್ನು ಪೇಟೆಯ ಅಂಗಡಿಗೆ ಒಯ್ದು ಕಟ್ಟೆಯ ಮೇಲಿಟ್ಟೆ. ಅವನು ಬೂಟನ್ನು ಕಾಗದದ ಮೇಲಿಟ್ಟು ನೋಡಿ ಕೊಟ್ಟ. ಕೊಳ್ಳುವ ಮೊದಲು ನಮ್ಮ ಕರಿಯರ ಕಾಲು ಆ ಅಂಗಡಿಯ ಬೂಟಿನೊಳಗೆ ಹೋಗುವ ಹಾಗಿಲ್ಲ, ಕೊಂಡ ಮೇಲೆ ಹಿಂದಕ್ಕೆ ಕೊಡುವ ಹಾಗೂ ಇಲ್ಲ. ಕಾಗದಕ್ಕೆ ಉದ್ದಗಲ ಗೊತ್ತು, ಪಾದದ ಉಬ್ಬು ಗೊತ್ತಿಲ್ಲ, ನೋವಂತೂ ಗೊತ್ತೇ ಇಲ್ಲ. ನಿನ್ನ ಎಡಗಾಲಿನ ಕಿರುಬೆರಳ ಬುಡದಲ್ಲಿ ಎದ್ದಿರುವ ಗಂಟು ಇದೆಯಲ್ಲ, ನಿಂತಾಗ ಅದು ಇನ್ನಷ್ಟು ಹೊರಗೆ ಬರುತ್ತದೆ. ಬೂಟು ಅದನ್ನೇ ಹಿಡಿದು ಹಿಂಡಿತು. ಮೊದಲ ಸುತ್ತಿಗೇ ಕಾಲುಚೀಲ ರಕ್ತವಾಗಿ, ಕೊನೆಯ ಓಟದಲ್ಲಿ ನೀನು ನಾಲ್ಕನೆಯವಳಾದೆ. ದೇಶದ ತಂಡಕ್ಕೆ ಮೂವರನ್ನು ತೆಗೆದುಕೊಂಡರು.

ಈ ಸಲವೂ ಮೂವರೇ. ಆ ಮೈದಾನದ ಗೇಟು ನಮ್ಮ ಹುಡುಗಿಯರಿಗೂ ತೆರೆಯಲಿ ಎಂದು ಮಿಸ್ ಟಾರ್ಪ್ಲಿ ಎಷ್ಟು ಜನರ ಬಾಗಿಲು ತಟ್ಟಿದ್ದಾರೆ ಎಂದು ನೀನೇ ಬರೆದಿದ್ದೆ. ಎರಡು ವರ್ಷ ತೆಗೆದು ನೋಡುತ್ತೇವೆ ಎಂದರಂತೆ. ಈ ಶನಿವಾರ ನಮ್ಮವಳೊಬ್ಬಳೂ ತಂಡಕ್ಕೆ ಬರದಿದ್ದರೆ, ತೆಗೆದೆವಲ್ಲ, ಏನು ಸಿಕ್ಕಿತು ಎಂದು ಮತ್ತೆ ಮುಚ್ಚಿಬಿಡುತ್ತಾರೆ. ನಿನ್ನ ಹಿಂದೆ ಬರುವ ಎಷ್ಟು ಹುಡುಗಿಯರ ಓಟ ನಿನ್ನ ಒಂದು ಜೊತೆ ಬೂಟಿನ ಮೇಲೆ ನಿಂತಿದೆ ಎಂದು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ. ನೀನು ಯೋಚಿಸಬೇಡ. ಯೋಚಿಸುವುದಕ್ಕೆ ನಾನಿದ್ದೇನೆ.

ನಿನಗೆ ನೆನಪಿದೆಯೋ ಇಲ್ಲವೋ, ಬಿಳಿಯರ ಹೈಸ್ಕೂಲಿನ ಬೇಲಿ. ಒಳಗೆ ಕಲ್ಲಿದ್ದಲಿನ ಕಪ್ಪು ಕಿಟ್ಟ ಹಾಸಿದ ಓಟದ ಹಾದಿ, ಹೊರಗೆ ನಮ್ಮ ಕೆಂಪು ಮಣ್ಣಿನ ರಸ್ತೆ. ಸಂಜೆ ಆ ಹುಡುಗಿಯರು ಒಳಗೆ ಓಡುತ್ತಿದ್ದರೆ ನೀನು ಹೊರಗೆ, ಬೇಲಿಯ ಪಕ್ಕದಲ್ಲೇ, ಅವರ ಜೊತೆಗೆ ಓಡುತ್ತಿದ್ದೆ. ತಿರುವಿನಲ್ಲಿ ನಿನ್ನ ದಾರಿ ಅವರದ್ದಕ್ಕಿಂತ ಉದ್ದ, ಆದರೂ ಮುಂದೆ ಬರುತ್ತಿದ್ದೆ. ಗಡಿಯಾರ ಹಿಡಿದ ಅವರ ಮೇಷ್ಟ್ರು ಒಮ್ಮೆಯೂ ನಿನ್ನ ಕಡೆ ತಿರುಗಿದವನಲ್ಲ. ಅದೇ ತಿರುವಿನಲ್ಲಿ ನೀನು ನಗುತ್ತಿದ್ದೆ. ಹುಚ್ಚಿ, ನಗುವುದಕ್ಕೆ ಅಲ್ಲಿ ಏನಿದೆ, ಯಾರಾದರೂ ಅಣಕಿಸಿದಳು ಎಂದುಕೊಂಡರೆ ಏನು ಗತಿ ಎಂದು ನಾನು ಬಯ್ಯುತ್ತಿದ್ದೆ. ವಾರದ ಕೊನೆಗೆ ಆ ಹುಡುಗಿಯರ ಕಾಲುಚೀಲಗಳೂ ನಿನ್ನವೂ ನನ್ನ ತೊಟ್ಟಿಗೇ ಬರುತ್ತಿದ್ದವು. ಅವರ ಕೊಳೆ ಕಪ್ಪು, ನಿನ್ನದು ಕೆಂಪು. ಕೆಂಪು ಬೇಗ ಹೋಗುವುದಿಲ್ಲ.

ಇರಲಿ, ಬೂಟಿನ ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರ ಹಿಡಿದು ಅತ್ತೆಯ ಮನೆಗೆ ಓಡಿದೆ. ಅವಳು ಯಾರದೋ ಕೂದಲಿಗೆ ಬಿಸಿ ಬಾಚಣಿಗೆ ಎಳೆಯುತ್ತಿದ್ದಳು. ನಾನು ಅತ್ತದ್ದನ್ನೆಲ್ಲ ಕೇಳಿ, ಬಂದಿದ್ದಾಕೆ ಎದ್ದು ಹೋದ ಮೇಲೆ ಬಾಚಣಿಗೆ ಒಲೆಯ ಮೇಲಿಟ್ಟು ಹೇಳಿದಳು, ಕಾಗದ ಬೇಡ, ಈ ಸಲ ಕಾಲೇ ಹೋಗಲಿ ಎಂದು.

ಯಾರ ಕಾಲು ಎಂದೆ.

"ನನ್ನದೇ. ಟೋಪಿ ಹಾಕ್ಕೊಂಡ್ರೆ ನನ್ನನ್ನ ಯಾರೇ ಕೇಳ್ತಾರೆ?"

ನಿನ್ನ ಅಪ್ಪನ ಮನೆಯವರ ಬಣ್ಣ ನಿನಗೆ ಗೊತ್ತು, ಅತ್ತೆಯದಂತೂ ಬಿಳಿಯರದ್ದೇ. ನಿನ್ನ ಮುತ್ತಜ್ಜಿಯ ಕಾಲದಲ್ಲಿ ಆದದ್ದು, ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ, ನಾನೂ ಬರೆಯುವುದಿಲ್ಲ. ಆ ಬಣ್ಣವನ್ನು ಅತ್ತೆ ಈವರೆಗೆ ಯಾವ ಲಾಭಕ್ಕೂ ಬಳಸಿದವಳಲ್ಲ. ಬಿಳಿಯರ ಬಾಗಿಲಲ್ಲಿ ನುಗ್ಗಿ ಬಂದರೆ ತಿರುಗಿ ನಮ್ಮ ಬಾಗಿಲಿಗೆ ಬರಲು ನಾಚಿಕೆಯಾಗುತ್ತದೆ ಎನ್ನುತ್ತಿದ್ದಳು. ಈಗ ತಾನೇ ಹೊರಟು ನಿಂತಳು. ಸಿಕ್ಕಿಬಿದ್ದರೆ ಜೈಲು, ಜೈಲಿಗೆ ಮುಟ್ಟುವ ಮೊದಲು ಇನ್ನೇನೋ, ಮನೆಗೆ ಬೆಂಕಿ ಬಿದ್ದರೂ ಬಿತ್ತು ಎಂದು ನಾನು ಅಂದೆ. ಅದಕ್ಕವಳು, ನೀನು ಇಷ್ಟು ಹೆದರುವವಳು ಜೊತೆಯಲ್ಲಿದ್ದರೆ ನಾನು ಒಳ್ಳೆ ಮನೆಯ ಅಮ್ಮಾವ್ರ ಹಾಗೇ ಕಾಣ್ತೀನಿ, ಕೆಲಸದವಳಾಗಿ ಬಾ ಎಂದಳು.

ಅತ್ತೆಯ ಕಾಲು ಉದ್ದಕ್ಕೆ ನಿನ್ನದೇ ಅಳತೆ, ಅವಳ ಬೂಟು ಹಾಕಿಕೊಂಡೇ ಅಲ್ಲವೇ ನೀನು ಹೈಸ್ಕೂಲು ಮುಗಿಸಿ ವೇದಿಕೆ ಹತ್ತಿದ್ದು. ಆದರೆ ಆ ಗಂಟು? ಮುಖದ ಕಟ್ಟು ಅಪ್ಪನದು, ಬಣ್ಣವೂ ಪಾದವೂ ನನ್ನದು ನಿನಗೆ. ಅತ್ತೆಯ ಪಾದ ಮೀನಿನ ಹಾಗೆ ನುಣುಪು. ಅದಕ್ಕೆ ಅವಳು ಎಡಗಾಲಿನ ಕಾಲುಚೀಲದೊಳಗೆ ಕಿರುಬೆರಳ ಹತ್ತಿರ ಕರವಸ್ತ್ರ ಮಡಚಿ ತುರುಕಿಕೊಂಡಳು. ನನ್ನ ಕಾಲನ್ನು ಪಕ್ಕದಲ್ಲಿಟ್ಟು ನೋಡಿ ನೋಡಿ ಮಡಿಕೆ ದಪ್ಪ ಮಾಡಿದೆವು. ಇಷ್ಟಾದರೂ ನನಗೆ ಸಮಾಧಾನವಿಲ್ಲ. ಯಾವುದಕ್ಕೂ ಇರಲಿ ಎಂದು ನಿನ್ನ ಹೊಸ ಕಾಗದದ ಪಾದವನ್ನು, ಪತ್ರದ ಜೊತೆ ಕಳಿಸಿದ್ದೆಯಲ್ಲ, ಅದನ್ನು ಅವಳ ಬ್ಯಾಗಿನಲ್ಲಿ ಹಾಕಿದೆ. ಬೇಡ ಬೇಡ ಎಂದಳು. ಹಟ ಹಿಡಿದು ಹಾಕಿದೆ.

ಶನಿವಾರ ಬೆಳಿಗ್ಗೆ ನಮ್ಮವರ ಹಾಗೆಯೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಪೇಟೆಗೆ ಹೋದೆವು. ಅಲ್ಲಿ ನಮ್ಮವರ ಚರ್ಚಿನ ಹಿಂದೆ ಅವಳು ಈಸ್ಟರಿನ ಟೋಪಿ, ಬಿಳಿ ಕೈಗವಸುಗಳನ್ನು ತೊಟ್ಟಳು. ನಾನು ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡೆ. ತೊಟ್ಟ ಗಳಿಗೆಯಿಂದಲೇ ಅವಳ ಬೆನ್ನು ಬೇರೆಯಾಯಿತು ಕಂದ. ಯಾರಿಗೂ ದಾರಿ ಬಿಡಬೇಕಾಗಿಲ್ಲದವರ ಹಾಗೆ ಫುಟ್‌ಪಾತಿನ ನಡುವೆ ನಡೆದಳು, ಜನ ತಾವೇ ಸರಿದರು. ನಾನು ಎರಡು ಹೆಜ್ಜೆ ಹಿಂದೆ.

ಅಂಗಡಿಯ ಮುಂಬಾಗಿಲಿನಿಂದಲೇ ಒಳಗೆ ಹೋದೆವು. ಅಷ್ಟು ವರ್ಷ ನಾನು ಪಕ್ಕದ ಓಣಿಯ ಬಾಗಿಲಲ್ಲಿ ನಿಂತು ಕೊಂಡ ಅಂಗಡಿ, ಒಳಗೆ ಜಮಖಾನವಿದೆ ಎಂದೇ ಗೊತ್ತಿರಲಿಲ್ಲ. ಅಂಗಡಿಯವನು ಹೋದ ವರ್ಷದವನಲ್ಲ, ನಿನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಕೂದಲಿಗೆ ಎಣ್ಣೆ ಸುರಿದುಕೊಂಡಿದ್ದ. ಅತ್ತೆಗೆ ಕುರ್ಚಿ ಎಳೆದುಕೊಟ್ಟ. ತನ್ನ ಮಗಳು ಕಾಲೇಜಿನಲ್ಲಿ ಓಡುತ್ತಾಳೆ, ಅವಳ ಕಾಲು ತನ್ನ ಕಾಲಿನದೇ ಅಚ್ಚು, ಹೇಳದೆ ಕೊಟ್ಟು ಬೆರಗು ಮಾಡಬೇಕು, ಮೊಳೆಯ ಬೂಟು ತೋರಿಸು ಎಂದು ಅತ್ತೆ ಮೂಗಿನ ತುದಿಯಿಂದ ಹೇಳಿದಳು. ಆಹಾ, ಮಾತು ಅಂದರೆ ಮಾತು. ನನಗೇ ಒಂದು ಕ್ಷಣ ಅವಳು ಯಾರೋ ಎನ್ನಿಸಿತು.

ಅವನು ಕೇಳಿದ, ಅಳತೆ ಎಷ್ಟು ಅಮ್ಮಾವ್ರೇ ಎಂದು.

ಅಷ್ಟೇ ಅವನು ಕೇಳಿದ್ದು. ಅತ್ತೆ ಬ್ಯಾಗು ತೆಗೆದಳು. ಕಂದು ಕಾಗದ ತೆಗೆದಳು. ಬಿಡಿಸಿ, ಅಂಗೈಯಿಂದ ಸವರಿ, ಅವನ ಮುಂದೆ ಇಟ್ಟಳು.

ಅವಳ ತಪ್ಪಲ್ಲ. ಹುಟ್ಟಿದಾಗಿನಿಂದ ಅಂಗಡಿಯವನು ಅಳತೆ ಎಂದಾಗಲೆಲ್ಲ ನಮ್ಮ ಕೈ ಮಾಡುವ ಕೆಲಸವೇ ಅದು. ತಲೆಯ ಮೇಲೆ ಟೋಪಿ ಇರುವುದು ಕೈಗೆ ಗೊತ್ತಾಗಲಿಲ್ಲ. ಆದರೆ ಯಾವ ಬಿಳಿ ಹೆಂಗಸು ತನ್ನ ಕಾಲನ್ನು ಕಾಗದದಲ್ಲಿ ಮಡಚಿ ತರುತ್ತಾಳೆ? ಅವಳ ಕಾಲು ಅವಳ ಜೊತೆಯಲ್ಲೇ ಬಂದಿರುತ್ತದೆಯಲ್ಲ. ಹುಡುಗ ಕಾಗದ ನೋಡಿದ. ಅತ್ತೆಯ ಮುಖ ನೋಡಿದ. ಮತ್ತೆ ಕಾಗದ ನೋಡಿದ. ಅತ್ತೆಯ ಕುತ್ತಿಗೆಯ ನರ ಟೋಪಿಯ ಪಟ್ಟಿಯ ಕೆಳಗೆ ಹಾರುವುದು ನನಗೆ ಕಾಣುತ್ತಿತ್ತು. ನಿನಗೆ ಗೊತ್ತಲ್ಲ, ಗುಡುಗು ಬಂದರೆ ಮಂಚದ ಕೆಳಗೆ ಹೋಗುವವಳು ನಾನು. ಆ ದಿನ ನನ್ನ ಬಾಯಿಗೆ ಏನಾಯಿತೋ ದೇವರಿಗೇ ಗೊತ್ತು, ನಾನು ಕೇಳುವ ಮೊದಲೇ ಮಾತಾಡಿಬಿಟ್ಟಿತು.

"ಅಯ್ಯೋ ಅಮ್ಮಾವ್ರೇ, ಅದು ನಂದು. ನಂಗೂ ಒಂದು ಜೊತೆ ಕೇಳ್ತೀನಿ ಅಂದಿದ್ರಲ್ಲ, ಆ ಕಾಗದ ನಿಮ್ ಬ್ಯಾಗಲ್ಲೇ ಉಳ್ಕೊಂಡಿದೆ."

ಅತ್ತೆ ಉಸಿರೆಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಶುರು ಮಾಡಿದಳು ನೋಡು.

"ಎಷ್ಟು ಸಲ ಹೇಳೋದೇ ನಿಂಗೆ, ನಿನ್ನ ಚಿಂದಿ ಚೂರೆಲ್ಲಾ ನನ್ನ ಬ್ಯಾಗಿಗೆ ತುರುಕಬೇಡ ಅಂತ? ಬುದ್ಧಿ ಅನ್ನೋದನ್ನ ಒಗೆಯೋ ತೊಟ್ಟೀಲೇ ಬಿಟ್ಟು ಬಂದ್ಯಾ?"

ಇನ್ನೂ ಏನೇನೋ ಅಂದಳು. ಬೇಡ ಅಂದರೂ ಕಾಗದ ಹಾಕಿದೆಯಲ್ಲ ಎಂಬ ನಿಜವಾದ ಸಿಟ್ಟೂ ಅದರಲ್ಲಿ ಸೇರಿತ್ತು, ನನಗೆ ಗೊತ್ತಾಯಿತು. ನಾನು ತಲೆ ತಗ್ಗಿಸಿ ನಿಂತೆ. ಹುಡುಗ ನಕ್ಕ. ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ ಅಮ್ಮಾವ್ರೇ, ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ ಎಂದ. ನನ್ನ ಮುಂದೆ ಕಾಗದ ಆಡಿಸಿ ಕೇಳಿದ, "ಏ ಹುಡುಗಿ, ಇದು ನಿನ್ನ ಕಾಲಾ? ದೋಣಿ ಇದ್ದಂಗಿದೆಯಲ್ಲ."

"ಹೂಂ ಸ್ವಾಮಿ, ಅದಕ್ಕೇ ಇಷ್ಟು ವರ್ಷ ಮುಳುಗಿಲ್ಲ" ಎಂದೆ.

ಅವನು ಇನ್ನೂ ಜೋರಾಗಿ ನಕ್ಕ. ದೋಣಿ ಎಂದದ್ದು ನಿನ್ನ ಪಾದಕ್ಕೆ. ಆ ಮಾತನ್ನು ನಾನು ಮಡಚಿ ಏಪ್ರನ್ನಿನ ಜೇಬಿನಲ್ಲಿ ಕಾಗದದ ಜೊತೆಗೇ ಇಟ್ಟುಕೊಂಡಿದ್ದೇನೆ. ಶನಿವಾರ ನೀನು ಅದನ್ನು ಅಲ್ಲಿ ತೇಲಿಸು.

ಆಮೇಲೆ ನಡೆದದ್ದನ್ನು ಕೇಳು. ಅವನು ಬೂಟು ತಂದ. ಪುಟ್ಟ ಮಣೆ ಎಳೆದು ಅತ್ತೆಯ ಮುಂದೆ ಮಂಡಿಯೂರಿದ. ವರ್ಡೆಲ್, ಅವನು ಮಂಡಿಯೂರಿದ. ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಬೂಟಿನೊಳಗೆ ಇಳಿಸಿದ, ದಾರ ಕಟ್ಟಿದ, ಹೆಬ್ಬೆರಳ ಮುಂದೆ ತನ್ನ ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಬಿಗಿಯಾಯಿತೇ ಅಮ್ಮಾವ್ರೇ ಎಂದು ತಲೆಯೆತ್ತಿ ಕೇಳಿದ. ಹೀಗೆ ಕೇಳುತ್ತಾರೆ ಎಂದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಬಿಳಿಯರ ಪಾದ ಯಾಕೆ ಹಾಗೆ ನೆಟ್ಟಗಿರುತ್ತದೆ ಎಂದು ಆ ದಿನ ತಿಳಿಯಿತು. ಯಾರೋ ಕೇಳಿರುತ್ತಾರೆ.

ಎಡಗಾಲಿನದ್ದು ಬಿಗಿ ಎಂದಳು ಅತ್ತೆ. ಇನ್ನೊಂದು ಜೊತೆ ತಂದ. ಅದೂ ಬಿಗಿ ಎಂದಳು. ಮೂರನೆಯದು ತಂದ. ಅವಳಿಗೆ ಅದರ ರುಚಿ ಹತ್ತಿತ್ತು ಎಂದು ನನಗೆ ಅನುಮಾನ. ನಾನು ಹಿಂದಿನಿಂದ ಕೆಮ್ಮಿದೆ. ಎರಡನೆಯ ಸಲ ಕೆಮ್ಮಿದ ಮೇಲೆ ಎದ್ದು, ಅವನು ಹಾಸಿದ ರಬ್ಬರಿನ ಮೇಲೆ ಅತ್ತ ಇತ್ತ ನಡೆದಳು. ನಿಂತಲ್ಲೇ ನಾಲ್ಕು ಹೆಜ್ಜೆ ಓಡಿಯೂ ಓಡಿದಳು, ಟೋಪಿ ಬೀಳದ ಹಾಗೆ ಕೈಯಿಂದ ಒತ್ತಿ ಹಿಡಿದುಕೊಂಡು. ಕರವಸ್ತ್ರದ ಗಂಟು ಜಾರಿ ಹಿಮ್ಮಡಿಗೆ ಬಂದರೆ ಏನಪ್ಪಾ ಎಂದು ನಾನು ಎಲ್ಲ ದೇವದೂತರನ್ನೂ ಹೆಸರು ಹಿಡಿದು ಕರೆದೆ. ಜಾರಲಿಲ್ಲ. ಇದು ಸರಿ ಎಂದಳು.

ಪೆಟ್ಟಿಗೆ ಕಟ್ಟುತ್ತಾ ಅವನು ಕೇಳಿದ, ಮಗಳು ಎಲ್ಲಿ ಓಡುತ್ತಾರೆ ಎಂದು. ಸಾಕು ಬಾ ಎಂದು ನಾನು ಮನಸ್ಸಿನಲ್ಲೇ ಅವಳ ತೋಳು ಎಳೆಯುತ್ತಿದ್ದೆ. ಅವಳು ನಿಧಾನವಾಗಿ ಕೈಗವಸಿನ ಗುಂಡಿ ಹಾಕಿಕೊಂಡು, ಬರುವ ಶನಿವಾರ ಓಹಾಯೋದಲ್ಲಿ, ದೇಶದ ತಂಡಕ್ಕೆ ಎಂದಳು.

"ಹಂಗಾದ್ರೆ ಪೇಪರಲ್ಲಿ ಫೋಟೋ ಬರತ್ತೆ ಅಮ್ಮಾವ್ರೇ. ಬಂದ್ರೆ ನಾನು ಕತ್ತರಿಸಿ ಈ ಕಿಟಕಿಗೇ ಅಂಟಿಸ್ತೀನಿ. ನಮ್ಮಂಗಡಿ ಬೂಟು ಅಂತ ಬರೀತೀನಿ."

"ಅಂಟಿಸಿ" ಎಂದಳು ಅತ್ತೆ. "ಮಾತು ಕೊಟ್ಟಿದ್ದೀರಿ, ಮರೀಬೇಡಿ. ನಾನು ಬಂದು ನೋಡ್ತೀನಿ."

ಇಲ್ಲಿಗೆ ಮುಗಿಯಿತೆಂದುಕೊಂಡೆಯಾ. ಅವನು ಮರ್ಯಾದಸ್ಥ. ಅಮ್ಮಾವ್ರು ಭಾರ ಹೊರಬಾರದು, ಕೆಲಸದವಳಿಗೆ ಕೊಟ್ಟರೆ ಬೀಳಿಸಿಯಾಳು ಎಂದು ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಎದುರಿನ ಬಸ್ ನಿಲ್ದಾಣದವರೆಗೂ ಬಂದ. ಬಸ್ಸು ನಿಂತೇ ಇತ್ತು. ಅವಳನ್ನು ಮುಂಬಾಗಿಲಿನಲ್ಲಿ ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿ, ಮಡಿಲಲ್ಲಿ ಪೆಟ್ಟಿಗೆಯಿಟ್ಟು, ಬಸ್ಸು ಹೊರಡುವವರೆಗೆ ಕೈ ಬೀಸುತ್ತಾ ನಿಂತ. ಅವಳೇನು ಮಾಡಿಯಾಳು? ನಾನು ಹಿಂದೆ, ಹತ್ತಿ ಮಿಲ್ಲಿನವರ ನಡುವೆ ತೂಗಾಡುತ್ತಾ ನಿಂತೆ. ದಾರಿಯುದ್ದಕ್ಕೂ ನನಗೆ ಕಾಣುತ್ತಿದ್ದದ್ದು ಅವಳ ಟೋಪಿಯ ಹಿಂಭಾಗ ಮಾತ್ರ. ಪೆಟ್ಟಿಗೆ ಮರೆತು ಇಳಿದರೆ? ಊರಿನವರು ಯಾರಾದರೂ ಹತ್ತಿ ಒಜೆಲ್ಲ ಎಂದು ಕರೆದರೆ? ಅವಳ ಪಕ್ಕದಲ್ಲಿ ಒಬ್ಬ ದಪ್ಪನೆಯ ಅಮ್ಮಾವ್ರು ಕೂತು ಏನೋ ಹೇಳುತ್ತಲೇ ಇದ್ದರು, ಅತ್ತೆಯ ಟೋಪಿ ಹೂಂ ಹೂಂ ಎಂದು ಅಲ್ಲಾಡುತ್ತಿತ್ತು.

ಸ್ವೀಟ್‌ಗಮ್ ಬರುವುದಕ್ಕೆ ಮೊದಲೇ ಮರದ ಮಿಲ್ಲಿನ ಹತ್ತಿರ ಇಳಿದುಕೊಂಡೆವು. ಬಸ್ಸು ಕಣ್ಣಿನಿಂದ ಮರೆಯಾಗುವವರೆಗೂ ಅವಳು ಅಮ್ಮಾವ್ರ ಹಾಗೇ ನಿಂತಿದ್ದಳು. ಆಮೇಲೆ ರಸ್ತೆ ಪಕ್ಕದ ಮರದ ದಿಮ್ಮಿಯ ಮೇಲೆ ಕುಸಿದು ಕೂತಳು, ಟೋಪಿ ಕಿತ್ತು ಮಡಿಲಿಗೆ ಹಾಕಿಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದಾಳೆ. ಆ ಹೆಂಗಸು ದಾರಿಯುದ್ದಕ್ಕೂ ಹೇಳಿದ್ದೇನೆಂದರೆ, ಈಗಿನ ಕಾಲದಲ್ಲಿ ಒಳ್ಳೆ ಕೆಲಸದವಳು ಸಿಗುವುದೇ ಇಲ್ಲ, ನಿಮ್ಮವಳು ಹೇಗೆ ಎಂದು.

ನೀನೇನಂದೆ ಎಂದು ಕೇಳಿದೆ.

"ಹೆದರುಪುಕ್ಕಲಿ, ಆದ್ರೆ ಸಮಯಕ್ಕೆ ಒದಗ್ತಾಳೆ ಅಂದೆ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಲೂವಿ, ಮುಂದಿನ ಸೀಟಿನ ಸ್ಪ್ರಿಂಗೂ ಚುಚ್ಚತ್ತೆ ಕಣೇ" ಎಂದಳು. ನಾವಿಬ್ಬರೂ ಆ ದಿಮ್ಮಿಯ ಮೇಲೆ ಕೂತು ನಕ್ಕದ್ದಕ್ಕೆ ಲೆಕ್ಕವಿಲ್ಲ. ನಿನ್ನ ಅಪ್ಪ ಹೋದ ಮೇಲೆ ನಾನು ಹಾಗೆ ನಕ್ಕಿದ್ದು ಅದೇ ಮೊದಲು.

ನಿನ್ನೆ ಭಾನುವಾರ ನಾನು ಚರ್ಚಿಗೆ ಹೋಗಲಿಲ್ಲ, ಸ್ವಲ್ಪ ಹಲ್ಲುನೋವು ಇತ್ತು. ಅತ್ತೆ ಹೋಗಿದ್ದಳು. ಪಾದ್ರಿಗಳು ನಿನ್ನ ಹೆಸರು ಹೇಳಿ ಪ್ರಾರ್ಥಿಸಿದರಂತೆ, ಹಿಂದಿನ ಬೆಂಚಿನವರೂ ಎದ್ದು ನಿಂತರಂತೆ. ಈಗ ನೋವಿಲ್ಲ, ಅದಕ್ಕೆ ನೀನು ಕಾಗದ ಬರೆಯುವುದು ಬೇಡ.

ನಾಳೆ ನಮ್ಮ ಕೇರಿಯ ಪೆಟ್‌ವೇಯವರ ರೈಲು. ಪ್ರಯಾಣಿಕರು ಮಲಗುವ ಡಬ್ಬಿಯ ಕೆಲಸ ಅವರದು, ಅದನ್ನು ಮುಗಿಸಿ ನಿಮ್ಮ ಕಾಲೇಜಿನ ಊರ ಸ್ಟೇಷನ್ನಿನಲ್ಲಿ ಪೆಟ್ಟಿಗೆಗಳನ್ನು ನಿನ್ನ ಕೈಗೇ ಕೊಡುತ್ತಾರೆ. ಎರಡೂ ಬೂಟಿನ ಪೆಟ್ಟಿಗೆಗಳೇ, ನೋಡಿಕೋ. ಬಿಳಿ ದಾರದ್ದರಲ್ಲಿ ಬೂಟು. ನೀಲಿ ದಾರದ್ದು ಹಳೆಯ ಪೆಟ್ಟಿಗೆ, ಅದರಲ್ಲಿ ದಾರಿಯ ಊಟ. ಕೋಳಿ ಹುರಿದಿದ್ದೇನೆ, ಬೇಯಿಸಿದ ಮೊಟ್ಟೆ ಇದೆ, ನಿನಗೆ ಇಷ್ಟವಾದ ಬೆಣ್ಣೆ ಕೇಕು ಮೇಣದ ಕಾಗದದಲ್ಲಿದೆ. ಕೋಳಿ ಮೊದಲ ದಿನವೇ ಮುಗಿಸಿ. ಮಿಸ್ ಟಾರ್ಪ್ಲಿಯವರ ಕಾರು ಹೊರಟ ಮೇಲೆ ನಮ್ಮವರು ಕೂತು ಉಣ್ಣುವ ಜಾಗ ಎಲ್ಲಿ ಸಿಗುತ್ತದೋ ಯಾರಿಗೆ ಗೊತ್ತು, ಹಸಿದು ಓಡಬೇಡಿ. ದಾರಿಯಲ್ಲಿ ಇಳಿಯಬೇಕಾದಾಗ ಇಬ್ಬಿಬ್ಬರಾಗಿ ಇಳಿಯಿರಿ, ಒಬ್ಬಳೇ ಹೋಗಬೇಡ. ಓಟದ ಗೆರೆಯ ಮೇಲೆ ಪಕ್ಕದವಳು ಏನಾದರೂ ಅಂದರೆ ಕೇಳಿಸಲಿಲ್ಲ ಎಂದುಕೋ. ಆ ಹುಡುಗಿಯರನ್ನು ನೋಡಿ ಬೆದರಬೇಡ, ಅಂಥವರ ಕಾಲುಚೀಲ ಒಗೆದು ನನಗೆ ಗೊತ್ತು, ಅವರ ಹಿಮ್ಮಡಿಯೂ ತೂತು ಬೀಳುತ್ತದೆ.

ಓಟ ಮುಗಿದ ಮೇಲೆ ನಮ್ಮ ಚರ್ಚಿನ ಡೀಕನ್ ಬ್ರಾಗ್ ಅವರ ಅಂಗಡಿಗೆ ಫೋನು ಮಾಡು, ನಮ್ಮ ಕೇರಿಗೆ ಇರುವುದು ಅದೊಂದೇ ಫೋನು. ಆದರೆ ಅದು ಹೆಣ ಹೂಳುವವರ ಅಂಗಡಿ, ಅಲ್ಲಿಂದ ಯಾರಾದರೂ ಓಡಿ ಬಂದು ಲೂವಿನಿಯ ನಿನಗೆ ಫೋನು ಎಂದರೆ ನಾನು ಅಲ್ಲಿಗೆ ಮುಟ್ಟುವ ಮೊದಲೇ ಅವರಿಗೆ ಗಿರಾಕಿಯಾಗುತ್ತೇನೆ. ಆದ್ದರಿಂದ ಯಾರೂ ಸತ್ತಿಲ್ಲ ಎಂದು ಮೊದಲು ಹೇಳು. ಆಮೇಲೆ ಎಷ್ಟನೆಯವಳಾದೆ ಹೇಳು. ಅತ್ತೆ ಈಗಾಗಲೇ ಪೇಟೆಗೆ ಹೋಗಿ ಕಿಟಕಿ ನೋಡುವ ದಿನ ಗೊತ್ತು ಮಾಡಿದ್ದಾಳೆ. ಅವನು ಫೋಟೋ ಅಂಟಿಸುತ್ತಾನೋ ಇಲ್ಲವೋ, ನಿನ್ನ ಮುಖ ನೋಡಿದಾಗ ಅವನ ಮುಖ ಹೇಗಾಗುತ್ತದೆ ಅದನ್ನು ನೋಡಬೇಕಂತೆ ಅವಳಿಗೆ. ನನಗೆ ಬೇಡಪ್ಪ ಎಂದೆ. ಆದರೆ ಏಪ್ರನ್ ಒಗೆದು ಇಟ್ಟಿದ್ದೇನೆ.

ಬರೆಯುವುದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದವಳ ಅಕ್ಷರ ಇಷ್ಟೇ. ಗೆದ್ದರೂ ಸೋತರೂ ನೀನು ನನ್ನವಳು, ಆದರೆ ದಯವಿಟ್ಟು ಗೆದ್ದುಬಿಡು.

ನಿನಗಾಗಿ ಉಸಿರು ಹಿಡಿದು ಕೂತಿರುವ
ನಿನ್ನ ಅಮ್ಮ,
ಲೂವಿನಿಯ ಗ್ಯಾಸ್ಕಿನ್

ತಾ.ಕ.: ಬೂಟಿನ ಮೊಳೆಗಳ ಸಂದಿಯಲ್ಲಿ ಕಪ್ಪು ಕಿಟ್ಟದ ಚೂರು ಕಂಡರೆ ಅಂಗಡಿಯವನು ಹಳೆಯದನ್ನು ಕೊಟ್ಟ ಎಂದುಕೊಳ್ಳಬೇಡ. ಎಷ್ಟು ಬ್ರಷ್ ಹಾಕಿದರೂ ಒಂದೆರಡು ಉಳಿದವು. ನನಗೆ ಹಲ್ಲುನೋವು ಇರಲಿಲ್ಲ. ಅತ್ತೆಯ ಕಾಲಿನ ಗಂಟು ಬಟ್ಟೆಯದು, ಅದನ್ನು ನಂಬಿ ನಿನ್ನನ್ನು ಓಹಾಯೋಗೆ ಕಳಿಸಲು ನನ್ನಿಂದಾಗಲಿಲ್ಲ. ನಿನ್ನಂಥ ಗಂಟು ಈ ಊರಲ್ಲಿ ಇರುವುದು ಇನ್ನೊಬ್ಬಳ ಕಾಲಿನಲ್ಲಿ ಮಾತ್ರ. ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ ಬಟ್ಟೆಯ ಬುಟ್ಟಿಯ ತಳದಲ್ಲಿ ಬೂಟು ಮುಚ್ಚಿಟ್ಟುಕೊಂಡು ಹೈಸ್ಕೂಲಿನ ಹತ್ತಿರ ಹೋದೆ. ಹೊರಗಿನ ರಸ್ತೆಯಲ್ಲೇ ನಾಲ್ಕು ಹೆಜ್ಜೆ ಓಡಿ ಬರೋಣ ಎಂದೇ ಹೋದದ್ದು. ಕೆಂಪು ಮಣ್ಣಿನಲ್ಲಿ ಮೊಳೆ ಹೂತುಹೋಗಿ ಏನೂ ಗೊತ್ತಾಗಲಿಲ್ಲ. ಹಳ್ಳದ ಕಡೆಯ ಗೇಟಿನ ಸರಪಳಿ ಸಡಿಲವಾಗಿತ್ತು. ಒಳಗೆ ಹೋದೆ. ಲಂಗ ಎತ್ತಿ ಸೊಂಟಕ್ಕೆ ಕಟ್ಟಿ ಆ ಕಪ್ಪು ಹಾದಿಯ ಮೇಲೆ ಪೂರ್ತಿ ಒಂದು ಸುತ್ತು ಓಡಿದೆ. ತಿರುವಿಗೆ ಬಂದಾಗ ನೀನು ಯಾಕೆ ನಗುತ್ತಿದ್ದೆ ಎಂದು ಗೊತ್ತಾಯಿತು. ಬಯ್ದದ್ದೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಬಲಗಾಲು ಎಲ್ಲೂ ಹಿಡಿಯಲಿಲ್ಲ, ಅದು ಖಾತ್ರಿ. ಎಡಗಾಲಿನ ಗಂಟು ನೋಯಿತೋ ಇಲ್ಲವೋ ನೋಡಿಕೊಳ್ಳಲಿಕ್ಕೇ ಹೋದವಳು, ಓಡುವ ಭರದಲ್ಲಿ ನೋಡುವುದನ್ನೇ ಮರೆತೆ. ಅದೊಂದನ್ನು ನೀನು ಇನ್ನೊಮ್ಮೆ ನೋಡು ಕಂದ. ಕೂತು ಅಲ್ಲ, ನಿಂತು ನೋಡು.